ಕಳ್ಳಭಟ್ಟಿ ಸಾಗಿಸುವವರಿಗೂ ಒಂದು ಕಣ ಸಿಕ್ಕಿತ್ತು

ಮಾನ್ಯರೇ,

ಸರ್ವಿಸ್ ರಸ್ತೆಯಲ್ಲಿ ರಾತ್ರಿ ಬೈಕ್ ರೇಸ್ ಮಾಡುವ ಹುಡುಗರ ಗಾಡಿಗಳ ಮೇಲೆ ರೋಲರ್ ಹತ್ತಿಸಿ ಎಂದು ಓದುಗರೊಬ್ಬರು ಕಳೆದ ವಾರ ಬರೆದಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ನನ್ನ ಗ್ಯಾರೇಜಿನಲ್ಲೇ ಕೆಲಸ ಕಲಿತ ಹುಡುಗನೊಬ್ಬ ಎರಡು ವರ್ಷದ ಹಿಂದೆ ನಮ್ಮ ದಾವಣಗೆರೆ ಪಕ್ಕದ ಬಾತಿ ಹತ್ತಿರ ಹೀಗೇ ಬಿದ್ದು ಮೊಣಕಾಲ ಚಿಪ್ಪು ಒಡೆದುಕೊಂಡ. ಈಗಲೂ ಕುಕ್ಕರುಗಾಲಲ್ಲಿ ಕೂತು ನಟ್ಟು ಬಿಚ್ಚಲು ಅವನಿಗಾಗದು. ಆದರೆ ದಂಡ ಹಾಕಿದರೆ ಬಿಟ್ಟುಹೋಗುವ ಹುಚ್ಚಲ್ಲ ಇದು. ಇದಕ್ಕೊಂದು ಜಾಗ ಬೇಕು. ಅಂಥ ಜಾಗವೊಂದನ್ನು ಕಣ್ಣಾರೆ ಕಂಡು ಬಂದಿದ್ದೇನೆ.

2024ರ ಮೇ ತಿಂಗಳಲ್ಲಿ ಮಗಳ ಮನೆಗೆಂದು ಅಮೆರಿಕದ ನಾರ್ತ್ ಕೆರೋಲಿನಾ ರಾಜ್ಯದ ಷಾರ್ಲೆಟ್‌ಗೆ ಹೋಗಿದ್ದೆ. ಅಳಿಯಂದಿರು ನಾರ್ತ್ ವಿಲ್ಕ್ಸ್‌ಬರೊ ಎಂಬ ಊರಿಗೆ ಕರೆದುಕೊಂಡು ಹೋದರು. ನಮ್ಮ ಹರಿಹರದ ಒಂದು ಮೂಲೆಯಲ್ಲಿ ಹಿಡಿಸುವಷ್ಟು ಊರು. ಅಲ್ಲೊಂದು ಮೊಟ್ಟೆಯಾಕಾರದ ರೇಸ್ ಟ್ರ್ಯಾಕು. ಒಂದು ಸುತ್ತಿಗೆ 0.625 ಮೈಲಿ, ಅಂದರೆ ನಮ್ಮ ಒಂದು ಕಿಲೋಮೀಟರ್. ಓಡುವುದು ಸ್ಟಾಕ್ ಕಾರು. ಅಂಗಡಿಯಲ್ಲಿ ಮಾರಾಟಕ್ಕಿರುವ ಕಾರನ್ನೇ ತಂದು ಓಡಿಸುತ್ತಿದ್ದ ಕಾಲದಲ್ಲಿ ಬಂದ ಹೆಸರದು.

ಆ ಸೀಮೆ ಒಂದು ಕಾಲಕ್ಕೆ ಕಳ್ಳಭಟ್ಟಿಗೆ ಹೆಸರುವಾಸಿ. ಗುಡ್ಡಗಾಡಿನಲ್ಲಿ ಕಾಸಿದ ಸಾರಾಯಿಯನ್ನು ಊರ ಹುಡುಗರು ಫೋರ್ಡ್ ವಿ-8 ಕಾರುಗಳಲ್ಲಿ ತುಂಬಿ, ಬೆನ್ನು ಹತ್ತಿದ ಅಬಕಾರಿಯವರನ್ನು ತಪ್ಪಿಸಿ ಪೇಟೆಗೆ ಮುಟ್ಟಿಸುತ್ತಿದ್ದರು. ಎಂಜಿನ್ ಬಿಚ್ಚಿ ವೇಗ ಹೆಚ್ಚಿಸುವ ವಿದ್ಯೆ, ಭಾರಕ್ಕೆ ಕುಸಿಯದಂತೆ ಸ್ಪ್ರಿಂಗ್ ಪಾಟಾ ಬಿಗಿ ಮಾಡುವ ವಿದ್ಯೆ ಅವರ ಕೈಗೆ ಬಂದದ್ದು ಹಾಗೆ. ಎನಾಕ್ ಸ್ಟೇಲಿ ಎಂಬಾತ ಪಾಲುದಾರರೊಂದಿಗೆ ಸೇರಿ ಹೊಲ ಕಡಿದು ಮಣ್ಣಿನ ಟ್ರ್ಯಾಕ್ ಮಾಡಿಸಿ 1947ರಲ್ಲಿ ರೇಸ್ ಶುರುಮಾಡಿದ. ನೆಲ ಸಮ ಮಾಡಿಸುವ ಹೊತ್ತಿಗೆ ದುಡ್ಡು ಮುಗಿಯಿತಂತೆ. ಇವತ್ತಿಗೂ ಆ ಟ್ರ್ಯಾಕಿನಲ್ಲಿ ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಏರು.

ಅಲ್ಲಿನ ಹುಡುಗ ಜೂನಿಯರ್ ಜಾನ್ಸನ್ 1956ರಲ್ಲಿ ಅಪ್ಪನ ಭಟ್ಟಿಯ ಬಳಿ ಸಿಕ್ಕಿಬಿದ್ದು ಜೈಲಿಗೆ ಹೋದ. ಹೊರಬಂದು ಮತ್ತೆ ಸ್ಟೀರಿಂಗ್ ಹಿಡಿದ. ಒಟ್ಟು 50 ದೊಡ್ಡ ರೇಸ್ ಗೆದ್ದ. 1986ರಲ್ಲಿ ಅಧ್ಯಕ್ಷ ರೇಗನ್ ಅವನಿಗೆ ಕ್ಷಮಾದಾನ ಕೊಟ್ಟರು. ಆ ಹುಡುಗನ ಕಾರಿನ ಮೇಲೆ ರೋಲರ್ ಹತ್ತಿಸಿದ್ದರೆ?

ನಾವು ಹೋದ ದಿನ ಒಬ್ಬ ಮೆಕ್ಯಾನಿಕ್ ಹಿಂದಿನ ಬಲಗಡೆ ಟೈರಿಗೆ ಟೇಪು ಸುತ್ತಿ ಅಳೆದು, ಸೀಮೆಸುಣ್ಣದಲ್ಲಿ ಟೈರಿನ ಮೇಲೇ ಬರೆದ. ಆಮೇಲೆ ಎಡಗಡೆಯದು. ಎರಡರ ಅಳತೆಯೂ ಬೇರೆ ಬೇರೆ! ನಲವತ್ತು ವರ್ಷ ಸ್ಪ್ಯಾನರ್ ಹಿಡಿದ ನನಗೆ ಏನೋ ತಪ್ಪು ಮಾಡಿದ ಅನ್ನಿಸಿತು. ಅಳಿಯಂದಿರಿಂದ ಕೇಳಿಸಿದೆ. ಬೇಕೆಂದೇ ಬಲಗಡೆಯದನ್ನು ದೊಡ್ಡದು ಇಟ್ಟಿದ್ದನಂತೆ. ಕಾರು ಸದಾ ಎಡಕ್ಕೇ ತಿರುಗುವುದರಿಂದ ಹೊರಗಿನ ಗಾಲಿ ಹೆಚ್ಚು ದೂರ ಉರುಳಬೇಕು. ಬಾಯಿ ಅಗಲ, ತಳ ಕಿರಿದಾದ ಸ್ಟೀಲ್ ಲೋಟವನ್ನು ನೆಲದ ಮೇಲೆ ಉರುಳಿಸಿ ನೋಡಿ, ತಾನಾಗಿ ಸುತ್ತು ಹೊಡೆಯುತ್ತದೆ. ಅದೇ ಲೆಕ್ಕ. ಇಷ್ಟು ಚಂದದ ಪಾಠವನ್ನು ನನಗೆ ಯಾರೂ ಹೇಳಿರಲಿಲ್ಲ.

ಆ ಟ್ರ್ಯಾಕೂ ಒಮ್ಮೆ ಸತ್ತಿತ್ತು. 1995ರಲ್ಲಿ ಸ್ಟೇಲಿ ತೀರಿಕೊಂಡ ಮೇಲೆ ಬೇರೆಯವರು ಕೊಂಡು, ಅದರ ರೇಸ್ ದಿನಗಳನ್ನು ದೊಡ್ಡ ಟ್ರ್ಯಾಕುಗಳಿಗೆ ಒಯ್ದರು. 1996ರ ಸೆಪ್ಟೆಂಬರ್ ರೇಸಿನ ನಂತರ ಬೀಗ. ಡಾಂಬರು ಬಿರಿದು ಅದರೊಳಗೆ ಗಿಡಗಂಟಿ ಬೆಳೆದವು. ನಮ್ಮ ಕಾಟನ್ ಮಿಲ್ಲುಗಳ ಸೈರನ್ ನಿಂತ ಮೇಲೆ ಅಂಗಳಗಳು ಹೇಗಾದವೆಂದು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಆ ಊರಿನವರು ಬಿಡಲಿಲ್ಲ. 2019ರಲ್ಲಿ ಹೆಸರಾಂತ ಡ್ರೈವರ್ ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಗೆಳೆಯರನ್ನು ಕಟ್ಟಿಕೊಂಡು ಹೋಗಿ ಕಳೆ ಕೀಳಿಸಿದರು. ಸರ್ಕಾರವೂ ಕೋವಿಡ್ ಪರಿಹಾರದ ಹಣದಲ್ಲಿ 1.8 ಕೋಟಿ ಡಾಲರ್ ಕೊಟ್ಟಿತು. 2022ರಲ್ಲಿ ಮತ್ತೆ ಎಂಜಿನ್ ಸದ್ದು ಕೇಳಿತು, 2023ರಲ್ಲಿ ದೊಡ್ಡ ರೇಸೇ ಬಂತು.

ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿ ನೋಡಿದ ಊರು ನಮ್ಮದು. ಬೀದಿಯಲ್ಲಿ ಕೈಕೈ ಮಿಲಾಯಿಸಿದರೆ ಪೊಲೀಸರು ಹಿಡಿಯುತ್ತಾರೆ. ಅದೇ ಹುಡುಗರು ಕೆಮ್ಮಣ್ಣಿಗೆ ಇಳಿದರೆ ಊರೇ ನಿಂತು ಶಿಳ್ಳೆ ಹೊಡೆಯುತ್ತದೆ. ಗಾಡಿ ಓಡಿಸುವವರಿಗೆ ಮಾತ್ರ ನಾವು ಅಂಥ ಕಣ ಮಾಡಿಕೊಡಲಿಲ್ಲ. ಕೋಟಿಗಟ್ಟಲೆ ಹಣವೇನೂ ಬೇಡ. ಅದೇ ನಾರ್ತ್ ಕೆರೋಲಿನಾದ ಬೌಮನ್ ಗ್ರೇ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ಮೈದಾನದ ಸುತ್ತ ಕಾಲು ಮೈಲಿಯ ದಾರಿಯಲ್ಲೇ 1949ರಿಂದ ಕಾರು ಓಡಿಸುತ್ತಿದ್ದಾರೆ. ಊರಾಚೆ ನಾಲ್ಕೈದು ಎಕರೆ ಮಣ್ಣಿನ ನೆಲ, ಸುತ್ತ ಹಳೇ ಟೈರಿನ ಗೋಡೆ, ಹೆಲ್ಮೆಟ್ ಇಲ್ಲದವರಿಗೆ ಪ್ರವೇಶವಿಲ್ಲ ಎಂಬ ಬೋರ್ಡು, ಗೇಟಿನ ಬಳಿ ಆಂಬುಲೆನ್ಸು. ತಿಂಗಳಿಗೊಂದು ಭಾನುವಾರ ಸಾಕು. ಜಿಲ್ಲಾಡಳಿತ ಇಷ್ಟು ಮಾಡಿಕೊಡಲಿ ಎಂದು ಕೈಮುಗಿದು ಕೇಳುತ್ತೇನೆ.

ಕಣಕ್ಕೆ ಇಳಿಯುವ ಪ್ರತಿ ಗಾಡಿಯ ಬ್ರೇಕು, ಚೈನು, ಟೈರು ನೋಡಿ ಬಿಡುವ ಕೆಲಸ ನನಗಿರಲಿ. ಸಂಬಳ ಬೇಡ. ಮೊಣಕಾಲು ಒಡೆದುಕೊಂಡ ಆ ಹುಡುಗನೂ ಬರುತ್ತೇನೆ ಅಂದಿದ್ದಾನೆ. ನಿಂತು ಮಾಡುವ ಕೆಲಸ ಅವನಿಗೆ ಆಗುತ್ತದೆ.

– ನಿವೃತ್ತ ಗ್ಯಾರೇಜ್ ಮೇಸ್ತ್ರಿ, ಪಿ.ಬಿ. ರಸ್ತೆ, ದಾವಣಗೆರೆ