ನೀರಿನ ಯೋಜನೆ: ಮೆಕ್ಯಾನಿಕಲ್ ಎಂಜಿನಿಯರನ್ನು ನಕ್ಷೆಯ ಹಂತದಲ್ಲೇ ಕರೆಯಿರಿ

ಮಾನ್ಯ ಸಂಪಾದಕರೇ,

ಕುಡಿಯುವ ನೀರು ಮತ್ತು ಕೊಳಚೆ ನೀರಿನ ಯೋಜನೆಗಳ ಕುರಿತ ಚರ್ಚೆ ಬಹುಮಟ್ಟಿಗೆ ಅಣೆಕಟ್ಟು, ಪೈಪ್‌ಲೈನ್, ಟ್ಯಾಂಕ್‌ಗಳ ಸುತ್ತಲೇ ನಡೆಯುತ್ತದೆ. ಟ್ಯಾಂಕಿಗೆ ನೀರೇರಿಸುವ ಪಂಪ್, ಕೊಳಚೆ ನೀರಿಗೆ ಗಾಳಿ ಊದುವ ಬ್ಲೋವರ್, ಕೆಸರನ್ನು ಹಿಂಡುವ ಸೆಂಟ್ರಿಫ್ಯೂಜ್ ಇವೆಲ್ಲ ನೆನಪಾಗುವುದು ಕೆಟ್ಟು ನಿಂತ ದಿನವೇ. ಈ ಕ್ಷೇತ್ರದಲ್ಲಿ ಮೆಕ್ಯಾನಿಕಲ್ ಎಂಜಿನಿಯರ್ ಆಗಿರುವ ನನ್ನ ಕೋರಿಕೆ ಇಷ್ಟೇ: ಯಂತ್ರ ಬಲ್ಲವರನ್ನು ನಕ್ಷೆ ಸಿದ್ಧವಾಗುವಾಗಲೇ ಜೊತೆಗೆ ಕೂರಿಸಿಕೊಳ್ಳಬೇಕು. ಸಿವಿಲ್ ಕಾಮಗಾರಿ ಮುಗಿದ ಮೇಲೆ ಕರೆದರೆ, ಅಷ್ಟರಲ್ಲಿ ಎಷ್ಟೋ ತಪ್ಪುಗಳು ಕಾಂಕ್ರೀಟಿನಲ್ಲಿ ಸೇರಿಹೋಗಿರುತ್ತವೆ.

ಹೊಸ ಪಂಪ್‌ಹೌಸ್‌ನಲ್ಲಿ ಪಂಪಿನೊಳಗೆ ಜಲ್ಲಿಕಲ್ಲು ಉರುಳಿದಂಥ ಸದ್ದು ಕೇಳಿಬರುವುದುಂಟು. ಹೊರಕವಚ (ಕೇಸಿಂಗ್) ಬಿಚ್ಚಿದರೆ ಕಲ್ಲೇನೂ ಸಿಗುವುದಿಲ್ಲ, ನೀರನ್ನು ತಳ್ಳುವ ತಿರುಗುಚಕ್ರವಾದ ಇಂಪೆಲ್ಲರ್‌ನ ಎಲೆಗಳ ಮೇಲೆ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ. ಪಂಪ್ ನೀರನ್ನು ಎಳೆದುಕೊಳ್ಳುವ ಸಕ್ಷನ್ ಬದಿಯಲ್ಲಿ ಒತ್ತಡ ತೀರಾ ಇಳಿದಾಗ ನೀರು ತಣ್ಣಗಿದ್ದರೂ ಆವಿಯಾಗಿ ಗುಳ್ಳೆಗಟ್ಟುತ್ತದೆ, ಆ ಗುಳ್ಳೆಗಳು ಒತ್ತಡ ಹೆಚ್ಚಿರುವ ಕಡೆಗೆ ಸಾಗಿ ಕುಸಿಯುವಾಗ ಲೋಹವನ್ನೇ ಕಿತ್ತು ತಿನ್ನುತ್ತವೆ. ಇದಕ್ಕೆ ಕ್ಯಾವಿಟೇಶನ್ ಎನ್ನುತ್ತಾರೆ. ವಾತಾವರಣದ ಒತ್ತಡ ಸಮುದ್ರಮಟ್ಟದಲ್ಲಿ ನೀರನ್ನು ಎತ್ತಬಲ್ಲದ್ದು ಲೆಕ್ಕಕ್ಕೆ ಸುಮಾರು 10.3 ಮೀಟರ್ ಮಾತ್ರ, ಬಳಕೆಯಲ್ಲಿ ಅದಕ್ಕಿಂತ ಬಹಳ ಕಡಿಮೆ. ಸಂಪ್ ತೀರಾ ಆಳದಲ್ಲಿದ್ದು, ಸಕ್ಷನ್ ಪೈಪ್ ಉದ್ದವಾಗಿದ್ದು, ಪಂಪಿನ ಬಾಯಿಯ ಬಳಿಯೇ ಬೆಂಡ್ ಇದ್ದರೆ, ಇಂಪೆಲ್ಲರನ್ನು ಎಷ್ಟು ಸಲ ಬದಲಿಸಿದರೂ ಅದೇ ಸದ್ದು ಮರಳುತ್ತದೆ.

ವಿದ್ಯುತ್ತಿನ ಮಾತೂ ಹೀಗೆಯೇ. ಪಂಪ್ ತನ್ನ ಆಯುಷ್ಯದಲ್ಲಿ ನುಂಗುವ ವಿದ್ಯುತ್ತಿನ ವೆಚ್ಚ ಸಾಮಾನ್ಯವಾಗಿ ಅದರ ಖರೀದಿ ಬೆಲೆಯನ್ನು ಎಷ್ಟೋ ಪಟ್ಟು ಮೀರುತ್ತದೆ. ಆದರೂ ಟೆಂಡರಿನಲ್ಲಿ ಗೆಲ್ಲುವುದು ಕಡಿಮೆ ಬೆಲೆಯ ಪಂಪೇ. ಅಗತ್ಯಕ್ಕಿಂತ ದೊಡ್ಡದನ್ನು ತಂದು, ವಾಲ್ವನ್ನು ಅರ್ಧ ಮುಚ್ಚಿ ನಡೆಸುವುದನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ. ಅದರ ಬದಲು ಪಂಪಿನ ವೇಗವನ್ನು ಶೇ 80ಕ್ಕೆ ಇಳಿಸಿದರೆ ಪಂಪ್ ಬೇಡುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ (ನೀರನ್ನು ಬಹಳ ಎತ್ತರಕ್ಕೇರಿಸುವ ಕಡೆ ಇಷ್ಟು ಉಳಿತಾಯ ಸಿಗದು ಎಂಬುದನ್ನೂ ಹೇಳಬೇಕು). ಕೊಳಚೆ ನೀರಿನ ಸಂಸ್ಕರಣಾ ಘಟಕಗಳಲ್ಲಿ ಅನೇಕ ಕಡೆ ಅರ್ಧದಷ್ಟು ವಿದ್ಯುತ್ ಗಾಳಿ ಊದುವುದಕ್ಕೇ ಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಜೀವದ ಪ್ರಶ್ನೆ. ಕೊಳಚೆ ನೀರು ಬಂದು ಸೇರುವ ಬಾವಿಯಲ್ಲಿ ಬಟ್ಟೆಚೂರು, ನಾರು, ಕೂದಲು ಸುತ್ತಿಕೊಂಡು ಪಂಪ್ ಕಟ್ಟಿಕೊಳ್ಳುವುದು ಅಪರೂಪವೇನಲ್ಲ. ಅದನ್ನು ಬಿಡಿಸಲು ಯಾರೋ ಒಬ್ಬರು ಕೆಳಗಿಳಿಯುತ್ತಾರೆ. ಅಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ಇರಬಹುದು. ಅದು ಗಾಳಿಗಿಂತ ಭಾರವಾದದ್ದರಿಂದ ತಳದಲ್ಲೇ ನಿಲ್ಲುತ್ತದೆ. ಸ್ವಲ್ಪವೇ ಇದ್ದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಆದರೆ ಹತ್ತು ಲಕ್ಷದಲ್ಲಿ 100 ಭಾಗದಷ್ಟಾದಾಗ ಮೂಗು ಆ ವಾಸನೆಯನ್ನೇ ಗುರುತಿಸದಾಗುತ್ತದೆ, ವಾಸನೆ ಹೋಯಿತೆಂದು ಧೈರ್ಯ ಮಾಡುವ ಹೊತ್ತೇ ಅತ್ಯಂತ ಅಪಾಯದ ಹೊತ್ತು. ಬಿದ್ದವರನ್ನು ಎತ್ತಲು ಇಳಿದವರೂ ಸಾಯುವುದು ಹೀಗೆ.

ಇದನ್ನು ತಪ್ಪಿಸುವ ಉಪಾಯ ಹೊಸದೇನಲ್ಲ. ಸಬ್‌ಮರ್ಸಿಬಲ್ ಪಂಪನ್ನು ದಾರಿ ಹಿಡಿಸುವ ಕಂಬಿಯ (ಗೈಡ್ ರೈಲ್) ಮೇಲೆ ಇಳಿಸಿದರೆ ಅದು ತನ್ನ ಭಾರದಿಂದಲೇ ನೀರು ಹೊರಹೋಗುವ ಡಿಸ್ಚಾರ್ಜ್ ಪೈಪಿಗೆ ಕೂಡಿಕೊಳ್ಳುತ್ತದೆ, ಸರಪಳಿ ಹಿಡಿದು ಮೇಲಕ್ಕೆತ್ತಿದರೆ ತಾನಾಗಿ ಬಿಡಿಸಿಕೊಳ್ಳುತ್ತದೆ, ಹಾಗಾಗಿ ಪಂಪನ್ನು ಮೇಲೆಯೇ ತೊಳೆದು ದುರಸ್ತಿ ಮಾಡಬಹುದು, ಯಾರೂ ಇಳಿಯಬೇಕಿಲ್ಲ. ಆದರೆ ಬಾವಿಯ ಮುಚ್ಚಳ ಪಂಪಿನ ನೇರಕ್ಕಿರಬೇಕು, ಅದರಗಲ ಪಂಪಿಗೆ ಸಾಲಬೇಕು, ಮೇಲೆ ಭಾರ ಎತ್ತುವ ಹಾಯ್ಸ್ಟ್‌ಗೆ ತೊಲೆ ಇರಬೇಕು. ಇವು ನಕ್ಷೆಯಲ್ಲಿ ಎಳೆಯುವ ನಾಲ್ಕು ಗೆರೆಗಳು. ಸ್ಲ್ಯಾಬ್ ಹಾಕಿದ ಮೇಲೆ ಅದೇ ಕೆಲಸಕ್ಕೆ ಕಾಂಕ್ರೀಟ್ ಒಡೆಯಬೇಕಾಗುತ್ತದೆ, ಬಹುತೇಕ ಕಡೆ ಯಾರೂ ಒಡೆಯುವುದಿಲ್ಲ.

ಆದ್ದರಿಂದ ನೀರಿನ ಯೋಜನೆಗಳ ನಕ್ಷೆಗೆ ಅನುಮೋದನೆ ಕೊಡುವ ಮುನ್ನ ಮೆಕ್ಯಾನಿಕಲ್ ಎಂಜಿನಿಯರ್ ಒಬ್ಬರು ಅದನ್ನು ಪರಿಶೀಲಿಸಿ ಸಹಿ ಹಾಕುವುದನ್ನು ಕಡ್ಡಾಯಗೊಳಿಸಬೇಕು, ಟೆಂಡರಿನಲ್ಲಿ ಪಂಪಿನ ಬೆಲೆಯೊಂದಿಗೆ ಅದರ ಆಯುಷ್ಯದ ವಿದ್ಯುತ್ ವೆಚ್ಚವನ್ನೂ ಸೇರಿಸಿ ತೂಗಬೇಕು ಎಂದು ಸಂಬಂಧಪಟ್ಟವರನ್ನು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಮೆಕ್ಯಾನಿಕಲ್ ಎಂಜಿನಿಯರ್