ಏಜೆಂಟರಿಗೂ ಪುನರ್‌ತರಬೇತಿ ಇರಲಿ

ಮಾನ್ಯರೇ,

ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಾಯಿತರಾದ ಆಸ್ತಿ ಏಜೆಂಟರಿಗೆ ನೋಂದಣಿ ನವೀಕರಣದ ವೇಳೆ ಪುನರ್‌ತರಬೇತಿ ಕಡ್ಡಾಯವಾಗಬೇಕು. ರಾಜ್ಯದಲ್ಲಿ ಒಮ್ಮೆ ಪಡೆದ ನೋಂದಣಿ 5 ವರ್ಷ ನಡೆಯುತ್ತದೆ. ಅಷ್ಟರಲ್ಲಿ ನಿಯಮಗಳೇ ಬದಲಾಗಿರುತ್ತವೆ. 2024ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ (ಡಿಜಿಟಲ್ ಖಾತಾ ದಾಖಲೆ) ಕಡ್ಡಾಯವಾದದ್ದೇ ಇದಕ್ಕೆ ಸಾಕ್ಷಿ. ರೇರಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಮಾರಾಟ ಕರಾರು ನೋಂದಣಿಯಾಗುವ ಮುನ್ನ ಬಿಲ್ಡರ್ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಇದನ್ನರಿಯದ ಏಜೆಂಟ್ 60 ಲಕ್ಷದ ಫ್ಲ್ಯಾಟಿಗೆ 6 ಲಕ್ಷದ ಬದಲು 12 ಲಕ್ಷ ಕಟ್ಟಿಸಿದರೆ, ವ್ಯವಹಾರ ಮುರಿದಾಗ ಆ ಹಣಕ್ಕಾಗಿ ಅಲೆಯುವವರು ಖರೀದಿದಾರರು. ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಸಲು ಸಿಗುವ ಜಾಗ) ಮುಚ್ಚಿಟ್ಟು, ಲಾಬಿ, ಮೆಟ್ಟಿಲಿನಂಥ ಸಾಮಾನ್ಯ ಜಾಗದ ಪಾಲನ್ನೂ ಸೇರಿಸಿದ ಸೂಪರ್ ಬಿಲ್ಟ್-ಅಪ್ ಲೆಕ್ಕ ಒಪ್ಪಿಸುವುದಂತೂ ಮಾಮೂಲಾಗಿದೆ.

ಮಹಾರಾಷ್ಟ್ರ 2023ರಲ್ಲೇ ಏಜೆಂಟರಿಗೆ ತರಬೇತಿ, ಪರೀಕ್ಷೆ ಕಡ್ಡಾಯಗೊಳಿಸಿತು. ಕರ್ನಾಟಕ ರೇರಾ ಪ್ರತಿ ನವೀಕರಣ ಅರ್ಜಿಗೂ ಪುನರ್‌ತರಬೇತಿ ಪ್ರಮಾಣಪತ್ರ ಕೇಳಲಿ. ಬರೀ ಉಪನ್ಯಾಸ ಸಾಲದು. ಇಸಿ (ಋಣಭಾರ ಪ್ರಮಾಣಪತ್ರ), ಖಾತಾ, ಭೂಪರಿವರ್ತನೆ ಆದೇಶಗಳನ್ನು ಮುಂದಿಟ್ಟು ಲೋಪ ಹುಡುಕಿಸುವ ಪರೀಕ್ಷೆ ನಡೆಸಲಿ.

– ಓದುಗರೊಬ್ಬರು, ಬೆಂಗಳೂರು