ಒಂಬತ್ತನೇ ತರಗತಿಯ ಹಾಸ್ಯ ಕಿರುಚಿತ್ರ: ಶೂಟಿಂಗ್‌ಗೆ ಮೊದಲಿನ ತಯಾರಿ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಈ ಸಲದ ವಾರ್ಷಿಕೋತ್ಸವಕ್ಕೆ ಒಂಬತ್ತನೇ ತರಗತಿಯ ಮಕ್ಕಳು 6 ನಿಮಿಷದ ಹಾಸ್ಯ ಕಿರುಚಿತ್ರ ಮಾಡುತ್ತಿದ್ದಾರೆ. ಮೊಬೈಲ್ ಇದೆಯಲ್ಲ, ಇವತ್ತೇ ಶುರು ಮಾಡೋಣ ಎಂಬುದು ಅವರ ಒತ್ತಾಯ. ಮೊದಲ ಮೂರು ವಾರ ಕ್ಯಾಮೆರಾ ಮುಟ್ಟುವುದು ಬೇಡ ಎಂದು ನಾವು ಹೇಳಿದ್ದೇವೆ. ದುಃಖದ ದೃಶ್ಯದಲ್ಲಿ ಒಂದು ಶಾಟ್ ತಪ್ಪಿದರೆ ಹಿನ್ನೆಲೆ ಸಂಗೀತ ಹಾಕಿ ಹೇಗೋ ನಿಭಾಯಿಸಬಹುದು. ಹಾಸ್ಯದಲ್ಲಿ ಒಂದು ಶಾಟ್ ತಪ್ಪಿದರೆ ಆ ನಗು ಹುಟ್ಟುವುದೇ ಇಲ್ಲ.

ಮಕ್ಕಳು ಹೆಣೆದ ಕಥೆ ಇಷ್ಟು. ಶಾಲೆಯ ಗಂಟೆ ಹೊಡೆಯುವ ಕಬ್ಬಿಣದ ಸರಳು ಕಾಣೆಯಾಗಿದೆ. ಗೋಡೆ ಗಡಿಯಾರವೂ ಕೆಟ್ಟು ನಿಂತಿದೆ. ಗಣಿತದ ಮೇಷ್ಟ್ರು ಗಂಟೆ ಹೊಡೆಯದೆ ಪಾಠ ನಿಲ್ಲಿಸುವವರಲ್ಲ. ಸರಳು ಇರುವುದು ಬಿಸಿಯೂಟದ ಅಡುಗೆಮನೆಯಲ್ಲಿ, ಕಿಟಕಿ ಬಾಗಿಲು ಮುಚ್ಚಿಕೊಳ್ಳದಂತೆ ಆನಿಸಿಟ್ಟ ಜಾಗದಲ್ಲಿ. ನೋಡುವವರಿಗೆ ಅದು ಮೊದಲ ನಿಮಿಷದಲ್ಲೇ ಗೊತ್ತಾಗಬೇಕು, ಹುಡುಕುವವರಿಗೆ ಕೊನೆಯವರೆಗೂ ಗೊತ್ತಾಗಬಾರದು. ಇಡೀ ಚಿತ್ರದ ನಗು ನಿಂತಿರುವುದು ಇದರ ಮೇಲೆ. ಅದಕ್ಕೇ ಮೂರನೇ ಶಾಟ್‌ನಲ್ಲಿ ಸರಳು ಕನಿಷ್ಠ 3 ಸೆಕೆಂಡು ಸ್ಪಷ್ಟವಾಗಿ ಕಾಣಬೇಕು ಎಂದು ಸ್ಟೋರಿಬೋರ್ಡ್‌ನಲ್ಲಿ (ಒಂದೊಂದು ಶಾಟನ್ನೂ ಚಿತ್ರ ಬರೆದು ಜೋಡಿಸಿದ ಹಾಳೆಯಲ್ಲಿ) ಕೆಂಪು ಶಾಯಿಯಲ್ಲಿ ಬರೆಸಿದ್ದೇವೆ. ಅದನ್ನು ತೆಗೆಯಲು ಮರೆತರೆ ಉಳಿದ ಐದು ನಿಮಿಷ ಬರೀ ಓಡಾಟವಾಗುತ್ತದೆ.

ಚಿತ್ರಕಥೆಯ ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕ ಸಿನಿಮಾದವರಲ್ಲಿದೆ. ನೋಟ್‌ಬುಕ್ಕಿನಲ್ಲಿ ಕೈಯಿಂದ ಬರೆದ ಸಂಭಾಷಣೆಗೆ ಅದು ಹೊಂದುವುದಿಲ್ಲ. ಆದ್ದರಿಂದ ಮಕ್ಕಳು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದುತ್ತಾರೆ, ಒಬ್ಬರು ಸ್ಟಾಪ್‌ವಾಚ್ ಹಿಡಿಯುತ್ತಾರೆ. ಆಮೇಲೆ ಕಥೆ ಗೊತ್ತಿಲ್ಲದ ಏಳನೇ ತರಗತಿಯವರ ಮುಂದೆ ಓದಿ, ಅವರು ನಕ್ಕ ಕಡೆ ಗುರುತು ಹಾಕುತ್ತಾರೆ. ಬರೆದವರಿಗೆ ತಮ್ಮ ಜೋಕು ಎಷ್ಟು ಸಲ ಕೇಳಿದರೂ ನಗು ತರುತ್ತದೆ, ಹಾಗಾಗಿ ಅವರ ನಗುವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಿಡಿಸಿ ಹೇಳಬೇಕಾದ ಜೋಕನ್ನು ತೆಗೆದುಹಾಕುತ್ತೇವೆ. ಜನ ನಗುವ ಜಾಗದಲ್ಲಿ ಎದುರಿನ ಪಾತ್ರದ ಮುಖ ತೋರಿಸುವ ಎರಡು ಸೆಕೆಂಡಿನ ಶಾಟ್ ಸೇರಿಸುತ್ತೇವೆ. ಅದಿಲ್ಲದಿದ್ದರೆ ಸಭಾಂಗಣದ ನಗುವಿನಲ್ಲಿ ಮುಂದಿನ ಮಾತು ಯಾರಿಗೂ ಕೇಳಿಸುವುದಿಲ್ಲ.

ಒಂದು ವಿಷಯದಲ್ಲಿ ನಾವು ಸಡಿಲ ಬಿಡುವುದಿಲ್ಲ. ಮೈಬಣ್ಣ, ದಪ್ಪ ಸಣ್ಣ, ತೊದಲು, ಜಾತಿ, ಮನೆಯ ಬಡತನ, ಯಾರದೇ ಊರಿನ ಮಾತಿನ ಧಾಟಿ, ಇವುಗಳ ಮೇಲೆ ಜೋಕು ಇರಬಾರದು. ಕಲಬುರಗಿ ಕಡೆಯ ಹುಡುಗಿ ತನ್ನ ಮನೆಯ ಕನ್ನಡದಲ್ಲೇ ಮಾತಾಡಲಿ, ಚೆನ್ನಾಗಿರುತ್ತದೆ. ಆ ಕನ್ನಡವನ್ನೇ ನಗೆಪಾಟಲು ಮಾಡುವುದು ಬೇಡ. ಚಿತ್ರ 6 ನಿಮಿಷಕ್ಕೆ ಮುಗಿಯುತ್ತದೆ, ಅದರಿಂದ ಅಂಟಿದ ಅಡ್ಡಹೆಸರು ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಬಿಡುವುದಿಲ್ಲ. ನಿಮ್ಮ ಮಗು ಯಾವುದಾದರೂ ಪಾತ್ರಕ್ಕೆ ಹಿಂಜರಿಯುತ್ತಿದ್ದರೆ ದಯವಿಟ್ಟು ಈಗಲೇ ತಿಳಿಸಿ. ಸಂಭಾಷಣೆ ಕಾಗದದ ಮೇಲಿರುವಾಗ ಬದಲಿಸುವುದು ಸುಲಭ.

ಶೂಟಿಂಗ್ ಎರಡು ಶನಿವಾರ, ತರಗತಿ ಮುಗಿದ ಮೇಲೆ 12.30ರಿಂದ 4.30ರವರೆಗೆ. ಒಟ್ಟು 480 ನಿಮಿಷ. ಜಾಗ ಹೊಂದಿಸಿ, ಒಮ್ಮೆ ಅಭ್ಯಾಸ ಮಾಡಿ, ಅದನ್ನೇ ಮೂರ್ನಾಲ್ಕು ಸಲ ಚಿತ್ರೀಕರಿಸಲು, ಅಂದರೆ ಮೂರ್ನಾಲ್ಕು ಟೇಕ್ ತೆಗೆಯಲು, ಒಂದು ಶಾಟ್‌ಗೆ 12 ನಿಮಿಷ ಬೇಕು. ಮಕ್ಕಳ ಪಟ್ಟಿಯಲ್ಲಿ 40 ಶಾಟ್ ಇದ್ದವು, ಅಂದರೆ ನೀರು ಕುಡಿಯಲೂ ಬಿಡುವಿಲ್ಲ. 32ಕ್ಕೆ ಇಳಿಸಿದ್ದೇವೆ. ಮಿಕ್ಕ 96 ನಿಮಿಷ ಊಟಕ್ಕೆ, ಮೋಡ ಕವಿದರೆ ಕಾಯುವುದಕ್ಕೆ, ನಗು ತಡೆಯಲಾಗದೆ ಹಾಳಾಗುವ ಟೇಕ್‌ಗಳಿಗೆ. ಈ ಕೊನೆಯದು ಹಾಸ್ಯಚಿತ್ರದಲ್ಲಿ ಖಂಡಿತ ಆಗುತ್ತದೆ. ತರಗತಿಯೊಳಗಿನ ದೃಶ್ಯಗಳೆಲ್ಲ ಮೊದಲ ಶನಿವಾರವೇ ಮುಗಿಯಬೇಕು. ಎರಡು ದಿನಕ್ಕೆ ಹಂಚಿದರೆ ಕಿಟಕಿಯ ಬೆಳಕು ಒಂದೇ ಥರ ಸಿಗುವುದಿಲ್ಲ.

ಇಲ್ಲಿ ನಿಮ್ಮ ಸಹಕಾರ ಬಹಳ ಮುಖ್ಯ. ಎರಡು ಶನಿವಾರಗಳ ನಡುವೆ ನಟಿಸುವ ಮಕ್ಕಳಿಗೆ ಕಟಿಂಗ್ ಮಾಡಿಸಬೇಡಿ, ಕೈಗೆ ಮೆಹಂದಿ ಹಾಕಿಸಬೇಡಿ. ತೆರೆಯ ಮೇಲೆ ಬಾಗಿಲು ದಾಟುವಷ್ಟರಲ್ಲಿ ಕೂದಲು ಗಿಡ್ಡವಾದರೆ ಜನ ತಪ್ಪು ಜಾಗದಲ್ಲಿ ನಗುತ್ತಾರೆ. ಶನಿವಾರದ ಬಿಳಿ ಸಮವಸ್ತ್ರದ ಜೊತೆಗೆ ವಾರದ ದಿನದ ಸಮವಸ್ತ್ರವನ್ನೂ ಚೀಲದಲ್ಲಿ ಕಳಿಸಿ, ಎರಡೂ ಸಲ ಅದೇ ಜೊತೆ.

ನೆಲದ ಮೇಲೆ ಜಾರಿ ಬೀಳುವ ದೃಶ್ಯವೊಂದಿದೆ, ಗಾಬರಿ ಬೇಡ. ಯಾರೂ ಬೀಳುವುದಿಲ್ಲ. ಒದ್ದೆ ನೆಲದ ಕಡೆ ಬರುವ ಕಾಲು, ನೋಡುತ್ತಿರುವವರ ಮುಖ, ಆಮೇಲೆ ನೆಲದ ಮೇಲೆ ಕುಳಿತ ಹುಡುಗ. ಮೂರನ್ನೂ ಬೇರೆ ಬೇರೆ ತೆಗೆದು, ಬಕೆಟ್ ಉರುಳಿದ ಸದ್ದು ಸೇರಿಸುತ್ತೇವೆ.

ಚಿತ್ರೀಕರಣ ಶಿಕ್ಷಕರ ಒಂದೇ ಮೊಬೈಲ್‌ನಲ್ಲಿ, ಅಡ್ಡಲಾಗಿ ಹಿಡಿದು, ಏರೋಪ್ಲೇನ್ ಮೋಡ್‌ನಲ್ಲಿ. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ಪ್ರತಿ ಫ್ರೇಮ್‌ಗೆ ಬೆಳಕು ಬೀಳುವ ಹೊತ್ತು, ಅಂದರೆ ಶಟರ್, 1/50 ಸೆಕೆಂಡು ಇಡುತ್ತೇವೆ. ಹೊಂದದಿದ್ದರೆ ಟ್ಯೂಬ್‌ಲೈಟ್ ಬೆಳಕು ಪಟ್ಟೆಪಟ್ಟೆಯಾಗಿ ಮಿನುಗುತ್ತದೆ. ಅದನ್ನು ಆಮೇಲೆ ಸರಿಪಡಿಸುವುದು ಕಷ್ಟ. ಸದ್ದಿನದು ಇನ್ನೂ ದೊಡ್ಡ ತಲೆನೋವು. ಮೈಕ್ ಅಂಗಿಗೆ ಸಿಕ್ಕಿಸಿ, ಫ್ಯಾನ್ ಆರಿಸಿಯೇ ಟೇಕ್ ತೆಗೆಯಬೇಕು. ಕೋಣೆ ಸೆಕೆಯಾಗುತ್ತದೆ, ಮಕ್ಕಳಿಗೆ ನೀರಿನ ಬಾಟಲಿ ಮತ್ತು ಒಂದು ಕರವಸ್ತ್ರ ಕೊಡಿ. ಊಟ ಶಾಲೆಯದೇ.

ಚಿತ್ರವನ್ನು ವಾರ್ಷಿಕೋತ್ಸವದ ವೇದಿಕೆಯಲ್ಲಿ ಮಾತ್ರ ತೋರಿಸುತ್ತೇವೆ. ಯೂಟ್ಯೂಬ್‌ಗಾಗಲಿ ಇನ್‌ಸ್ಟಾಗ್ರಾಮ್‌ಗಾಗಲಿ ಹಾಕುವುದಿಲ್ಲ. ಶೂಟಿಂಗ್‌ನ ತುಣುಕುಗಳನ್ನು ನೀವೂ ಸ್ಟೇಟಸ್‌ಗೆ ಹಾಕಬೇಡಿ, ಅದರಲ್ಲಿ ಬೇರೆಯವರ ಮಕ್ಕಳೂ ಇರುತ್ತಾರೆ. ಸಿನಿಮಾ ಹಾಡುಗಳನ್ನು ಬಳಸುವುದಿಲ್ಲ. ಸಂಗೀತಕ್ಕೆ ಹಾರ್ಮೋನಿಯಂ, ಖಂಜಿರ ನುಡಿಸಬಲ್ಲ ಮಕ್ಕಳು ತರಗತಿಯಲ್ಲೇ ಇದ್ದಾರೆ.

ಜೊತೆಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಗುರುವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ. ನಟಿಸಲು ಒಪ್ಪಿಗೆ ಇಲ್ಲದಿದ್ದರೆ ಹಾಗೆಯೇ ಗುರುತು ಹಾಕಿ. ಶಾಟ್ ಪಟ್ಟಿ ಹಿಡಿಯುವ, ಟೇಕ್ ಶುರುವಿಗೆ ಕ್ಲ್ಯಾಪ್ ಬೋರ್ಡ್ ಹೊಡೆಯುವ, ಸಾಮಾನು ನೋಡಿಕೊಳ್ಳುವ ಕೆಲಸಕ್ಕೆ ಇನ್ನೂ ಏಳು ಮಕ್ಕಳು ಬೇಕು.

ಮನೆಯಲ್ಲಿ ಕೆಟ್ಟುಹೋದ ದೊಡ್ಡ ಗೋಡೆ ಗಡಿಯಾರ ಇದ್ದರೆ ಎರಡು ವಾರಕ್ಕೆ ಎರವಲು ಕೊಡಿ. ನಡೆಯುವ ಗಡಿಯಾರ ಬೇಡ, ಶಾಟ್‌ನಿಂದ ಶಾಟ್‌ಗೆ ಮುಳ್ಳು ಹಿಂದೆ ಮುಂದೆ ಜಿಗಿದಂತೆ ಕಾಣುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು